ಬ್ಲೋವರ್ ಮೇಲಿನ ಕಾರ್ಬ್ಯುರೇಟರ್: ದೋಣಿ ಎಂಜಿನ್ ಟ್ಯೂನಿಂಗ್ ಟಿಪ್ಪಣಿ

ಅಮೆರಿಕದ ಕೆರೆಗಳಲ್ಲಿ ಓಡುವ ವೇಗದ ದೋಣಿಗಳಲ್ಲಿ ಕಾಣುವ ಒಂದು ಜೋಡಣೆಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. 502 ಘನ ಇಂಚಿನ (8.2 ಲೀಟರ್) ಷೆವ್ರೊಲೆ ವಿ8 ಎಂಜಿನ್, ಅದರ ಮೇಲೆ 6-71 ರೂಟ್ಸ್ ಬ್ಲೋವರ್ (ಎಂಜಿನಿಗೆ ಹೆಚ್ಚು ಗಾಳಿ ತುರುಕುವ ಸೂಪರ್‌ಚಾರ್ಜರ್), ಬ್ಲೋವರ್ ತಲೆಯ ಮೇಲೆ ಹಾಲಿ (Holley) ಕಂಪನಿಯ ಎರಡು 4150 ಕಾರ್ಬ್ಯುರೇಟರ್. ಬೂಸ್ಟ್, ಅಂದರೆ ಹೊರಗಿನ ಗಾಳಿಯ ಒತ್ತಡದ ಮೇಲೆ ಬ್ಲೋವರ್ ಸೇರಿಸುವ ಒತ್ತಡ, 6 ಪಿಎಸ್‌ಐ (ಚದರ ಇಂಚಿಗೆ ಪೌಂಡ್). (6-71 ಅಂದರೆ ಸಿಲಿಂಡರಿಗೆ 71 ಘನ ಇಂಚಿನ, ಆರು ಸಿಲಿಂಡರಿನ ಜನರಲ್ ಮೋಟಾರ್ಸ್ ಟೂ-ಸ್ಟ್ರೋಕ್ ಡೀಸೆಲ್. ಬ್ಲೋವರ್ ಮೊದಲು ಇದ್ದದ್ದು ಅದರಲ್ಲಿ.)

ಮೊದಲು ಗಾಳಿಯ ಲೆಕ್ಕ. 502 × 5200 ಆರ್‌ಪಿಎಂ ÷ 3456 = 755 ಸಿಎಫ್‌ಎಂ (ನಿಮಿಷಕ್ಕೆ ಘನ ಅಡಿ ಗಾಳಿ; 1728 ಘನ ಇಂಚಿಗೆ ಒಂದು ಘನ ಅಡಿ, ಎರಡು ಸುತ್ತಿಗೊಮ್ಮೆ ಗಾಳಿ ಎಳೆಯುವುದರಿಂದ ಅದರ ಎರಡರಷ್ಟು 3456). ಹೊರಗಿನ ಗಾಳಿಯ ಒತ್ತಡ 14.7 ಪಿಎಸ್‌ಐ, ಅದಕ್ಕೆ 6 ಪಿಎಸ್‌ಐ ಬೂಸ್ಟ್ ಸೇರಿದರೆ (14.7 + 6) ÷ 14.7, ಅಂದರೆ 1.41 ಪಟ್ಟು. ಹತ್ತಿರ ಹತ್ತಿರ 1060 ಸಿಎಫ್‌ಎಂ. 750 ಸಿಎಫ್‌ಎಂನ ಒಂದು ಕಾರ್ಬ್ಯುರೇಟರ್ ಸಾಲದು, ಎರಡು ಬೇಕು.

ಇನ್ನು ಎಲ್ಲರೂ ಎಡವುವ ಜಾಗ. ಇಲ್ಲಿ ಕಾರ್ಬ್ಯುರೇಟರ್ ಇರುವುದು ಬ್ಲೋವರಿನ ಮೇಲೆ, ಬೂಸ್ಟ್ ಹುಟ್ಟುವುದು ಬ್ಲೋವರಿನ ಕೆಳಗೆ. ಥ್ರಾಟಲ್ ಅರ್ಧ ತೆರೆದಾಗ ಎರಡು ಕಡೆ ಗೇಜ್ ಹಾಕಿ ನೋಡಿ: ಕಾರ್ಬ್ಯುರೇಟರ್ ತಳದಲ್ಲಿ 8 ಇಂಚು (ಪಾದರಸದ ಅಳತೆ) ವ್ಯಾಕ್ಯೂಮ್, ಅದೇ ಕ್ಷಣ ಮ್ಯಾನಿಫೋಲ್ಡಿನಲ್ಲಿ (ಮಿಶ್ರಣವನ್ನು ಸಿಲಿಂಡರುಗಳಿಗೆ ಹಂಚುವ ಭಾಗ) 2 ಪಿಎಸ್‌ಐ ಒತ್ತಡ ಇರಬಹುದು. ಕಾರ್ಬ್ಯುರೇಟರಿನಲ್ಲಿ ಭಾರ ಬಿದ್ದಾಗ ಹೆಚ್ಚು ಪೆಟ್ರೋಲ್ ಬಿಡುವುದು ಪವರ್ ವಾಲ್ವ್. 6.5 ಎಂದು ಕೆತ್ತಿರುವ ಪವರ್ ವಾಲ್ವ್ ತೆರೆಯುವುದು ವ್ಯಾಕ್ಯೂಮ್ 6.5 ಇಂಚಿಗಿಂತ ಕೆಳಗಿಳಿದಾಗ. ಅದರ ಲೆಕ್ಕದಲ್ಲಿ ಎಂಜಿನ್ ಆರಾಮಾಗಿ ಓಡುತ್ತಿದೆ, ಹಾಗಾಗಿ ಮುಚ್ಚಿಕೊಂಡೇ ಕೂತಿರುತ್ತದೆ. ಸಿಲಿಂಡರ್ ಮಾತ್ರ ಬೂಸ್ಟಿನಲ್ಲಿ, ಬೇಕಾದಷ್ಟು ಪೆಟ್ರೋಲ್ ಸಿಗದೆ ಉರಿಯುತ್ತಿರುತ್ತದೆ. ಪಿಸ್ಟನ್ ಕರಗುವುದು ಹೀಗೆ. ಪೂರ್ತಿ ಥ್ರಾಟಲಿನಲ್ಲಿ ಪರೀಕ್ಷಿಸಿ ‘ಎಲ್ಲ ಸರಿ ಇದೆ’ ಅಂದುಕೊಂಡವರ ಎಂಜಿನ್ ಅರ್ಧ ಥ್ರಾಟಲಿನಲ್ಲಿ ಹಾಳಾಗುತ್ತದೆ.

ಪರಿಹಾರ: ಪವರ್ ವಾಲ್ವಿಗೆ ಸುದ್ದಿ ಹೋಗಬೇಕಾದದ್ದು ಮ್ಯಾನಿಫೋಲ್ಡಿನಿಂದ. ತಳದ ಪ್ಲೇಟಿನಲ್ಲಿ ಪವರ್ ವಾಲ್ವಿಗೆ ಹೋಗುವ ವ್ಯಾಕ್ಯೂಮ್ ರಂಧ್ರವನ್ನು ಮುಚ್ಚಿ, ಮೇನ್ ಬಾಡಿಗೆ ಒಂದು ಸಣ್ಣ ಕೊಳವೆ ಕೂರಿಸಿ, ಅಲ್ಲಿಂದ ಬ್ಲೋವರಿನ ಕೆಳಗಿನ ಮ್ಯಾನಿಫೋಲ್ಡಿಗೆ ಹೋಸ್ ಎಳೆಯಬೇಕು. ಸೂಪರ್‌ಚಾರ್ಜರಿಗೆಂದೇ ಮಾಡಿದ ಕಾರ್ಬ್ಯುರೇಟರುಗಳಲ್ಲಿ ಇದು ಸಿದ್ಧವಾಗಿಯೇ ಬರುತ್ತದೆ. ಈ ಹೋಸಿನಲ್ಲಿ ಬೂಸ್ಟ್ ಒತ್ತಡದ ಪೆಟ್ರೋಲ್ ಮಿಶ್ರಣ ಇರುತ್ತದೆ, ಬರೀ ವ್ಯಾಕ್ಯೂಮ್ ಪೈಪ್ ಅಲ್ಲ. ಇಂಧನಕ್ಕೆ ತಕ್ಕ ಹೋಸ್, ಎರಡೂ ತುದಿಗೆ ಕ್ಲ್ಯಾಂಪ್ ಕಡ್ಡಾಯ. ಪವರ್ ವಾಲ್ವನ್ನೇ ತೆಗೆದು ಪ್ಲಗ್ ಹಾಕುವವರೂ ಇದ್ದಾರೆ. ಆಗ ಜೆಟ್ (ಪೆಟ್ರೋಲ್ ಹಾಯುವ ಅಳತೆಯ ರಂಧ್ರ) ಆರರಿಂದ ಹತ್ತು ನಂಬರ್ ಏರಿಸಬೇಕಾಗುತ್ತದೆ, ಸಾಮಾನ್ಯ ಓಟದಲ್ಲೂ ಮಿಶ್ರಣ ದಪ್ಪವಾಗಿ ಪೆಟ್ರೋಲ್ ಸಿಲಿಂಡರ್ ಗೋಡೆಯ ಆಯಿಲನ್ನು ತೊಳೆದುಬಿಡುತ್ತದೆ. ಡಿಪ್‌ಸ್ಟಿಕ್ ಮೂಸಿದರೆ ಪೆಟ್ರೋಲ್ ವಾಸನೆ. ಅದು ಬೇಡ.

ಕಾರಿನ ಕಾರ್ಬ್ಯುರೇಟರನ್ನು ದೋಣಿಗೆ ಹಾಕಲೇಬಾರದು. ಕಾರಿನದರಲ್ಲಿ ಉಕ್ಕಿದ ಪೆಟ್ರೋಲ್ ಹೊರಗೆ ಸುರಿಯಬಹುದು. ದೋಣಿಯಲ್ಲಿ ಅದು ತಳದಲ್ಲೇ ನಿಲ್ಲುತ್ತದೆ, ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಮರೀನ್ (ದೋಣಿಗೆಂದೇ ಮಾಡಿದ) ಕಾರ್ಬ್ಯುರೇಟರಿನಲ್ಲಿ ಬೌಲಿನ, ಅಂದರೆ ಪೆಟ್ರೋಲ್ ನಿಲ್ಲುವ ಬಟ್ಟಲಿನ, ಗಾಳಿ ಕೊಳವೆಗಳು ಕಾರ್ಬ್ಯುರೇಟರಿನ ಬಾಯಿಯೊಳಕ್ಕೇ ಬಾಗಿರುತ್ತವೆ, ಉಕ್ಕಿದ್ದು ಎಂಜಿನ್ ಒಳಗೇ ಹೋಗುತ್ತದೆ. ಅಮೆರಿಕದ ನಿಯಮದಂತೆ ಫ್ಲೋಟ್ ವಾಲ್ವ್ (ಬೌಲಿಗೆ ಪೆಟ್ರೋಲ್ ಬಿಡುವ ವಾಲ್ವ್) ತೆರೆದು ನಿಂತರೂ 30 ಸೆಕೆಂಡಿಗೆ 5 ಸಿಸಿಗಿಂತ ಹೆಚ್ಚು ಸೋರಬಾರದು. ಮೇಲೆ ಮರೀನ್ ಫ್ಲೇಮ್ ಅರೆಸ್ಟರ್ (ಬ್ಯಾಕ್‌ಫೈರಿನ ಬೆಂಕಿ ಹೊರಬರದಂತೆ ತಡೆಯುವ ಮುಚ್ಚಳ) ಇರಲೇಬೇಕು. ಶುರು ಮಾಡುವ ಮುಂಚೆ ದೋಣಿ ತಳದ ಆವಿ ಎಳೆಯುವ ಫ್ಯಾನ್ 4 ನಿಮಿಷ ಓಡಲಿ. ಅದಕ್ಕೂ ಬ್ಲೋವರ್ ಅಂತಲೇ ಹೆಸರು, ಗೊಂದಲ ಬೇಡ.

ಜೆಟ್ ಮುಟ್ಟುವ ಮುಂಚೆ ಉಳಿದದ್ದೆಲ್ಲ ಸರಿಯಿರಬೇಕು. ಇಂಧನ ಒತ್ತಡ ಐಡಲಿನಲ್ಲಿ 6ರಿಂದ 7 ಪಿಎಸ್‌ಐ, ಪೂರ್ತಿ ಥ್ರಾಟಲಿನಲ್ಲೂ 5ಕ್ಕಿಂತ ಇಳಿಯಬಾರದು. ಬೂಸ್ಟ್ ಏರಿದಂತೆ ಇಂಧನ ಒತ್ತಡವನ್ನೂ ಏರಿಸುವುದು ಒತ್ತಡದ ಗಾಳಿಯನ್ನು ಕಾರ್ಬ್ಯುರೇಟರಿನೊಳಕ್ಕೆ ಊದುವ ಜೋಡಣೆಗೆ ಮಾತ್ರ, ಇಲ್ಲಿಗಲ್ಲ. ಪಂಪಿನ ಪೆಟ್ರೋಲ್ ಆದರೆ ಒಟ್ಟು ಸ್ಪಾರ್ಕ್ ಅಡ್ವಾನ್ಸ್ (ಪಿಸ್ಟನ್ ತುದಿ ಮುಟ್ಟುವ ಮುಂಚೆ ಕಿಡಿ ಹಾರುವ ಕೋನ) 30 ಡಿಗ್ರಿಯೊಳಗಿರಲಿ. ಫ್ಲೋಟ್ ಮಟ್ಟವನ್ನು ದೋಣಿ ನೀರಿನಲ್ಲಿ ನಿಂತಾಗ ನೋಡಿ, ಟ್ರೇಲರ್ ಮೇಲೆ ಎಂಜಿನಿನ ಓರೆ ಬೇರೆ. ಕಾರಿನವರ ಹಾಗೆ ಬೌಲಿನ ಹಿತ್ತಾಳೆ ಪ್ಲಗ್ ಬಿಚ್ಚಿ ಪೆಟ್ರೋಲ್ ತೊಟ್ಟಿಕ್ಕಿಸಬೇಡಿ, ಗಾಜಿನ ಪ್ಲಗ್ ಹಾಕಿಸಿ. ಆಕ್ಸಲರೇಟರ್ ಪಂಪ್: ಥ್ರಾಟಲ್ ಪೂರ್ತಿ ತೆರೆದಾಗ ಲಿವರಿಗೆ ಇನ್ನೂ 0.015 ಇಂಚು ಆಟ ಇರಬೇಕು. ಆದರೆ ಥ್ರಾಟಲ್ ಕದಲಿದ ತಕ್ಷಣ ಪೆಟ್ರೋಲ್ ಚಿಮ್ಮಬೇಕು. ತಡವಾದರೆ ಬ್ಯಾಕ್‌ಫೈರ್, ಮಿಶ್ರಣ ತುಂಬಿದ ಬ್ಲೋವರಿನಲ್ಲಿ ಬ್ಯಾಕ್‌ಫೈರ್ ಅಂದರೆ ಸ್ಫೋಟವೇ.

ಬೈಕಿನ ಕಾರ್ಬ್ಯುರೇಟರ್ ಬಿಚ್ಚಿ ಗೊತ್ತಿದ್ದವರಿಗೆ ಮುಂದಿನದು ಸುಲಭ. ವ್ಯತ್ಯಾಸ ಒಂದೇ: ದೋಣಿಗೆ ಇಳಿಜಾರಿಲ್ಲ. ಪ್ರೊಪೆಲರ್ ಯಾವಾಗಲೂ ಎಳೆಯುತ್ತಲೇ ಇರುತ್ತದೆ, ಸದಾ ಘಾಟಿ ಹತ್ತುವ ಲಾರಿಯ ಹಾಗೆ. ಆದ್ದರಿಂದ ಟ್ಯೂನಿಂಗ್ ನೀರಿನ ಮೇಲೇ, ಭಾರದಲ್ಲೇ. ನಾಲ್ಕು ನಂಬರ್ ದೊಡ್ಡ ಜೆಟ್ ಹಾಕಿ ದಪ್ಪ ಮಿಶ್ರಣದಿಂದ ಶುರುಮಾಡಿ, ಎರಡೆರಡು ನಂಬರ್ ಇಳಿಸುತ್ತ ಬನ್ನಿ. ಲ್ಯಾಂಬ್ಡಾ 1 ಅಂದರೆ ಗಾಳಿ-ಪೆಟ್ರೋಲ್ ಸರಿಸಮ, ಅದಕ್ಕಿಂತ ಕಡಿಮೆ ಅಂದರೆ ಮಿಶ್ರಣ ದಪ್ಪ. ಬೂಸ್ಟಿನಲ್ಲಿ ಲ್ಯಾಂಬ್ಡಾ 0.78ರಿಂದ 0.80, ಬೂಸ್ಟಿಲ್ಲದ ಸಾಮಾನ್ಯ ಓಟದಲ್ಲಿ 0.88ರ ಆಸುಪಾಸು. ಅಮೆರಿಕದ ಪೆಟ್ರೋಲಿನಲ್ಲಿ ಸಾಮಾನ್ಯವಾಗಿ 10% ಎಥನಾಲ್ ಇರುವುದರಿಂದ ಗಾಳಿ-ಇಂಧನ ಅನುಪಾತಕ್ಕಿಂತ ಲ್ಯಾಂಬ್ಡಾ ನೋಡುವುದೇ ಮೇಲು.

ಎಕ್ಸಾಸ್ಟಿನಲ್ಲಿ ಲ್ಯಾಂಬ್ಡಾ ಅಳೆಯುವ ವೈಡ್‌ಬ್ಯಾಂಡ್ ಸೆನ್ಸರ್ ಎಲ್ಲಿ ಹಾಕಬೇಕು ಅನ್ನುವುದು ದೋಣಿಯಲ್ಲಿ ತಲೆನೋವು. ಎಕ್ಸಾಸ್ಟಿಗೆ ತಂಪು ಮಾಡುವ ನೀರು ಸೇರುತ್ತದೆ. ನೀರು ಸೇರುವ ಜಾಗಕ್ಕಿಂತ ಮುಂಚೆಯೇ ಸೆನ್ಸರ್ ಇರಬೇಕು. ಆದರೂ ಐಡಲಿನಲ್ಲಿ, ಎಂಜಿನ್ ನಿಂತಾಗ ನೀರು ಹಿಂದಕ್ಕೆ ಬಂದು ಸೆನ್ಸರನ್ನು ಕೊಲ್ಲಬಹುದು. ಟ್ಯೂನಿಂಗ್ ಮುಗಿದ ಮೇಲೆ ಬಿಚ್ಚಿ ಪ್ಲಗ್ ಹಾಕಿಬಿಡಿ.

ಸೆನ್ಸರ್ ಒಂದನ್ನೇ ನಂಬಬೇಡಿ. ಮಿಶ್ರಣ ಎಂಟೂ ಸಿಲಿಂಡರಿಗೆ ಸಮನಾಗಿ ಹಂಚಿಕೆಯಾಗುವುದಿಲ್ಲ, ಸೆನ್ಸರ್ ತೋರಿಸುವುದು ಸರಾಸರಿ. ಪೂರ್ತಿ ಥ್ರಾಟಲಿನ ಓಟದ ಕೊನೆಗೆ ಇಗ್ನಿಷನ್ ಆಫ್ ಮಾಡಿ, ಎಂಟೂ ಸ್ಪಾರ್ಕ್ ಪ್ಲಗ್ ತೆಗೆದು ಸಾಲಾಗಿ ಇಡಿ. ಬಿಳಿ ಪಿಂಗಾಣಿಯ ಮೇಲೆ ಕಪ್ಪು ಚುಕ್ಕೆ ಕಂಡರೆ ಡಿಟೋನೇಷನ್ (ಮಿಶ್ರಣ ತಾನಾಗಿ ಸಿಡಿಯುವುದು) ಶುರುವಾಗಿದೆ. ಹೊಳೆಯುವ ಬೆಳ್ಳಿಯಂಥ ಕಣ ಕಂಡರೆ ಅದು ಪಿಸ್ಟನ್ನಿನ ಅಲ್ಯೂಮಿನಿಯಂ. ಮುಂದಿನ ಓಟ ಬೇಡ, ಮೊದಲು ಮ್ಯಾನಿಫೋಲ್ಡಿನಿಂದ ಪವರ್ ವಾಲ್ವಿಗೆ ಹೋಗುವ ಆ ಹೋಸ್ ಕಳಚಿಕೊಂಡಿದೆಯೇ ನೋಡಿ.