ಎರಡರ ಮ್ಯಾಲೂ 433 ಅಂತನ ಬರದೈತಿ

ಹೋದ ಬೇಸಿಗೆಯಲ್ಲಿ ಧಾರವಾಡದ ಸಪ್ತಾಪುರದಿಂದ ನಿವೃತ್ತ ಮಾಸ್ತರರೊಬ್ಬರು ಕೈಚೀಲ ಹಿಡಿದುಕೊಂಡು ಹುಬ್ಬಳ್ಳಿಯ ನನ್ನ ಅಂಗಡಿಗೆ ಬಂದರು. ಚೀಲದಿಂದ ಮೂರು ಸಾಮಾನು ತೆಗೆದು ಕೌಂಟರಿನ ಗಾಜಿನ ಮೇಲೆ ಸಾಲಾಗಿ ಇಟ್ಟರು. ಒಂದು, ಮಾಳಿಗೆ ಮೇಲಿನ ನೀರಿನ ಟ್ಯಾಂಕಿನ ಲೆವೆಲ್ ಸೆನ್ಸರ್. ಇನ್ನೊಂದು, ಬೇರೆ ಕಡೆಯಿಂದ ತರಿಸಿದ ರಿಸೀವರ್. ಮೂರನೆಯದು ಅಮೆರಿಕದಲ್ಲಿರುವ ಮಗ ಪ್ರೀತಿಯಿಂದ ಕಳಿಸಿದ ಬಾಗಿಲಿನ ಸೆನ್ಸರ್.

"ಈ ಎರಡರ ಮ್ಯಾಲೂ 433 ಅಂತನ ಬರದೈತ್ರಿ. ಮತ್ತ ಒಂದಕ್ಕೊಂದು ಯಾಕ ಮಾತಾಡವಲ್ಲವು?"

ಅವಳಿ ನಗರದಲ್ಲಿ ನನ್ನ ಹತ್ತಿರ ಹೆಚ್ಚು ಜನ ಕೇಳಿಕೊಂಡು ಬರುವುದು ದೀಪ ಹಚ್ಚುವ ಆಟೊಮೇಶನ್ ಅಲ್ಲ, ಟ್ಯಾಂಕಿನದು. ನಳದ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂಬುದು ಓಣಿಯ ಮೇಲೆ ಹೋಗುತ್ತದೆ. ಬಂದಾಗ ತುಂಬಿಕೊಳ್ಳಬೇಕು, ತುಂಬಿದ್ದು ಚೆಲ್ಲಬಾರದು. ಸೆನ್ಸರ್ ಮಾಳಿಗೆ ಮೇಲೆ, ಮೋಟರಿನ ಸ್ವಿಚ್ಚು ಕೆಳಗೆ, ನಡುವೆ ಎರಡು ಸ್ಲ್ಯಾಬ್. ವೈರ್ ಎಳೆಯಲು ಮನಸ್ಸಿಲ್ಲದವರು ವೈರ್‌ಲೆಸ್ ಕೊಳ್ಳುತ್ತಾರೆ. ಕೊಳ್ಳುವಾಗ ಡಬ್ಬಿಯ ಮೇಲಿನ ಒಂದೇ ಅಂಕಿ ನೋಡುತ್ತಾರೆ.

ಆ 433, ಅಂದರೆ 433.92 ಮೆಗಾಹರ್ಟ್ಸ್ ಫ್ರೀಕ್ವೆನ್ಸಿ ಎಂಬುದು ರಸ್ತೆಯ ಹೆಸರು, ಅಷ್ಟೇ. ಹುಬ್ಬಳ್ಳಿ-ಧಾರವಾಡ ರಸ್ತೆಯಲ್ಲಿ ಎತ್ತರದ ಕಟ್ಟೆಯಿಂದ ಹತ್ತುವ ಚಿಗರಿ ಬಸ್ಸೂ ಓಡುತ್ತದೆ, ಸಾದಾ ಸಿಟಿ ಬಸ್ಸೂ ಓಡುತ್ತದೆ. ರಸ್ತೆ ಒಂದೇ ಎಂದು ಸಿಟಿ ಬಸ್ಸನ್ನು ಚಿಗರಿ ನಿಲ್ದಾಣದ ಎತ್ತರದ ಕಟ್ಟೆಗೆ ತಂದು ನಿಲ್ಲಿಸಿದರೆ ಮಂದಿ ಹತ್ತುವುದು ಹೇಗೆ?

ಮಾಸ್ತರರ ಎದುರಿಗೇ ಪರೀಕ್ಷೆ ಮಾಡಿದೆ. ಇದಕ್ಕೆ ದೊಡ್ಡ ಯಂತ್ರ ಬೇಡ. ಲ್ಯಾಪ್‌ಟಾಪಿನಲ್ಲಿ ಟಿವಿ ನೋಡಲೆಂದು ಮಾಡಿದ್ದ ಯುಎಸ್‌ಬಿ ಡಾಂಗಲ್ಲಿನ ಚಿಪ್ಪನ್ನೇ ಬಳಸುವ ಆರ್‌ಟಿಎಲ್-ಎಸ್‌ಡಿಆರ್ ಎಂಬ ರೇಡಿಯೊ ರಿಸೀವರ್ ಸಾಕು, ಗಾಳಿಯಲ್ಲಿನ ಸಿಗ್ನಲ್ಲನ್ನು ಪರದೆಯ ಮೇಲೆ ತೋರಿಸುತ್ತದೆ. ಸೆನ್ಸರಿಗೆ ಬ್ಯಾಟರಿ ಹಾಕಿದೆ. ಪರದೆಯ ಮೇಲೆ 433.92ರ ಹತ್ತಿರ, ಪಕ್ಕಪಕ್ಕದಲ್ಲಿ ಎರಡು ಸಣ್ಣ ಗೆರೆಗಳು ಮಿನುಗಿ ಹೋದವು. ಅಂದರೆ ಇದು ಎಫ್‌ಎಸ್‌ಕೆ: ಸೊನ್ನೆಗೊಂದು ಫ್ರೀಕ್ವೆನ್ಸಿ, ಒಂದಕ್ಕೆ ತುಸು ಸರಿದ ಇನ್ನೊಂದು. ಅವರು ತಂದ ರಿಸೀವರಿಗೆ ಗೊತ್ತಿದ್ದುದು ಓಓಕೆ ಮಾತ್ರ. ಅದರಲ್ಲಿ ಗೆರೆ ಒಂದೇ, ಟಾರ್ಚ್ ಹಚ್ಚಿ ಆರಿಸಿದ ಹಾಗೆ ಸಿಗ್ನಲ್ ಬರುತ್ತದೆ, ಹೋಗುತ್ತದೆ. ಎಫ್‌ಎಸ್‌ಕೆ ಸೆನ್ಸರ್ ಮಾತಾಡುವಷ್ಟು ಹೊತ್ತೂ ಆ ರಿಸೀವರಿಗೆ ಕಾಣುವುದು ಆರದೆ ಉರಿಯುವ ಟಾರ್ಚು. ಅದರಿಂದ ಏನು ಓದೀತು?

ಸೆನ್ಸರ್, ರಿಸೀವರ್ ಎರಡೂ ಓಓಕೆ ಆಗಿದ್ದರೂ ಕೆಲಸ ಮುಗಿಯುವುದಿಲ್ಲ, ಕೋಡ್ ಹೊಂದಬೇಕು. ಅಗ್ಗದ ಬಾಗಿಲಿನ ಸೆನ್ಸರ್ ಬಿಚ್ಚಿದರೆ ಒಳಗೆ ಸಾಮಾನ್ಯವಾಗಿ ಇವಿ1527 ಎಂಬ ಪುಟ್ಟ ಚಿಪ್ ಇರುತ್ತದೆ. ಅದು ಕಳಿಸುವುದು 24 ಬಿಟ್. 20 ಬಿಟ್ ಅದರ ಗುರುತು, 4 ಬಿಟ್ ಸಮಾಚಾರ. ಚಿಕ್ಕ ಬಡಿತದ ಬಳಿಕ ಮೂರುಪಟ್ಟು ವಿರಾಮ ಬಂದರೆ ಸೊನ್ನೆ, ಉದ್ದ ಬಡಿತದ ಬಳಿಕ ಚಿಕ್ಕ ವಿರಾಮ ಬಂದರೆ ಒಂದು. ಪಿಟಿ2262 ಚಿಪ್ಪಿನದು ಹಳೆಯ ಪದ್ಧತಿ, ವಿಳಾಸವನ್ನು ಬೆಸುಗೆ ಹಾಕಿ ಕೂಡಿಸಬೇಕು. ರಿಸೀವರ್ ಮಾರುವವರು 'ಲರ್ನಿಂಗ್ ಕೋಡ್, ಇವಿ1527' ಎಂದು ಬರೆದಿದ್ದರೆ ಇಂಥ ಸೆನ್ಸರುಗಳನ್ನು ಅದಕ್ಕೆ ಕಲಿಸಬಹುದು. ಬರೀ '433' ಎಂದಿದ್ದರೆ ನಾನಂತೂ ಕೊಳ್ಳುವುದಿಲ್ಲ. ಹಾಗೆಯೇ ಕವಚ ತೆರೆದಾಗ ಸಣ್ಣ ಲೋಹದ ಡಬ್ಬಿಯ ಮೇಲೆ ಆರ್433ಎ ಇದೆಯೋ ಆರ್315ಎ ಇದೆಯೋ ನೋಡಿ. ಹೊರಗಿನಿಂದ ಅವಳಿ-ಜವಳಿಯಂತೆ ಕಾಣುವ 315 ಮೆಗಾಹರ್ಟ್ಸಿನ ಸಾಮಾನೂ ಮಾರುಕಟ್ಟೆಯಲ್ಲಿ ಬೇಕಾದಷ್ಟಿದೆ.

ಇವಿ1527 ಪ್ರತಿ ಸಲವೂ ಅದೇ ಕೋಡ್ ಕಳಿಸುತ್ತದೆ. ಹೊರಗೆ ನಿಂತವರು ಹಿಡಿದಿಟ್ಟುಕೊಂಡು ಮತ್ತೆ ಬಿಡಬಹುದು. ಟ್ಯಾಂಕು, ಗೇಟಿನ ಗಂಟೆಗೆ ಅಡ್ಡಿಯಿಲ್ಲ. ಬಾಗಿಲಿನ ಲಾಕಿಗೆ ಹಾಕಿ ಎಂದು ಯಾರೇ ಕೇಳಿದರೂ ನಾನು ಒಲ್ಲೆ ಅನ್ನುತ್ತೇನೆ.

ಇನ್ನು ರಿಸೀವರಿನ ಜಾತಿ. ಎರಡು ಪ್ಲೇಟ್ ಗಿರ್ಮಿಟ್ಟಿನ ರೊಕ್ಕಕ್ಕೆ ಸಿಗುವ ಹಸಿರು ಬೋರ್ಡಿನ ನಡುವೆ ಸ್ಕ್ರೂಡ್ರೈವರಿನಿಂದ ತಿರುಗಿಸುವ ಕಾಯಿಲ್ ಇರುತ್ತದೆ. ಅದು ಸೂಪರ್ ರಿಜನರೇಟಿವ್. ಅಕ್ಕಪಕ್ಕದ ಫ್ರೀಕ್ವೆನ್ಸಿಯನ್ನೆಲ್ಲ ಕೇಳಿಸಿಕೊಳ್ಳುತ್ತದೆ, ಸಿಗ್ನಲ್ ಇಲ್ಲದಾಗ ತಾನೇ ಗೊಣಗುತ್ತದೆ, ಬಿಸಿಲು ಏರಿದಂತೆ ಅದರ ಟ್ಯೂನಿಂಗ್ ಸರಿಯುತ್ತದೆ. ಪಕ್ಕದಲ್ಲೊಂದು ಕಳಪೆ ಎಲ್‌ಇಡಿ ಬಲ್ಬೋ ಚಾರ್ಜರೋ ಇದ್ದರೆ ಮುಗಿಯಿತು. ಬೆಳ್ಳಿ ಬಣ್ಣದ ಕ್ರಿಸ್ಟಲ್ ಇರುವ ಸೂಪರ್ ಹೆಟರೊಡೈನ್ ತುಸು ತುಟ್ಟಿ, ಆದರೆ ಎರಡು ಸ್ಲ್ಯಾಬ್ ದಾಟಿ ಬಂದ ಸಿಗ್ನಲ್ ಹಿಡಿಯುವುದು ಅದೇ. ಅದಕ್ಕೆ 17.3 ಸೆಂಟಿಮೀಟರ್ ಉದ್ದದ ತಂತಿಯನ್ನು ಏರಿಯಲ್ ಎಂದು ಬೆಸೆಯಿರಿ, 433.92ರ ತರಂಗದ ಕಾಲುಭಾಗ ಅಷ್ಟಾಗುತ್ತದೆ. ಗೋಡೆಗೆ ನೇರವಾಗಿ ನಿಲ್ಲಿಸಿ, ಕಬ್ಬಿಣದ ಮೀಟರ್ ಬಾಕ್ಸಿನೊಳಗೆ ಸುತ್ತಿ ಇಡಬೇಡಿ. ಸರಳು ತುಂಬಿದ ಸ್ಲ್ಯಾಬಿನ ಕೆಳಗಿಂತ ಜಿನೆಯ ತಲೆಯಲ್ಲಿ ರಿಸೀವರ್ ಇಟ್ಟರೆ ಸಿಗ್ನಲ್ ಮೆಟ್ಟಿಲ ಬಾಯಿಯಿಂದ ಇಳಿದು ಬರುತ್ತದೆ.

ಮಗ ಕಳಿಸಿದ ಸೆನ್ಸರಿನ ಕಥೆ ಬೇರೆ. ಅದು ಜೆಡ್-ವೇವ್, ಅಂದರೆ ಮನೆಯ ಸಾಮಾನುಗಳು ಒಂದಕ್ಕೊಂದು ಮಾತಾಡುವ ಬೇರೊಂದು ವೈರ್‌ಲೆಸ್ ಪದ್ಧತಿ, ಅದೂ ಅಮೆರಿಕದ 908.42 ಮೆಗಾಹರ್ಟ್ಸಿನದು. ಭಾರತದ ಜೆಡ್-ವೇವ್ 865.2ರಲ್ಲಿ ಓಡುತ್ತದೆ. ನಮ್ಮಲ್ಲಿ 865ರಿಂದ 867ರ ಪಟ್ಟಿಗೆ 2005ರಿಂದಲೇ ಲೈಸೆನ್ಸ್ ಬೇಕಿಲ್ಲ. 890ರಿಂದ 915ರ ಪಟ್ಟಿಯಲ್ಲಿ ಮೊಬೈಲ್‌ಗಳು ಟವರಿನ ಜೊತೆ ಮಾತಾಡುತ್ತವೆ, ಅಲ್ಲಿ ನಾವು ಬಾಯಿ ಹಾಕುವಂತಿಲ್ಲ. ಮಾಸ್ತರರು ಅದಕ್ಕೆಂದು ಭಾರತದ ಹಬ್ (ಸೆನ್ಸರುಗಳನ್ನೆಲ್ಲ ಕೂಡಿಸುವ ಡಬ್ಬಿ) ಕೊಂಡರೂ ಸೆನ್ಸರ್ ಸೇರುವುದಿಲ್ಲ, ಅಮೆರಿಕದ ಹಬ್ ತರಿಸಿದರೆ ಎರಡೂ ಕೂಡಿ ತಪ್ಪು ಮಾಡಿದಂತೆ. ಯುರೋಪಿನ 868.42ರದ್ದಕ್ಕೂ ಇದೇ ಮಾತು. ಪರದೇಶದಿಂದ ತರಿಸುವುದೇ ಆದರೆ ಅಂಥದೇ ಇನ್ನೊಂದು ಪದ್ಧತಿಯಾದ ಜಿಗ್‌ಬೀ ತರಿಸಿ. ಮನೆಗಳಲ್ಲಿ ಅದು ಓಡುವುದು 2.4 ಗಿಗಾಹರ್ಟ್ಸಿನಲ್ಲಿ, ಅಲ್ಲಿಗೂ ಇಲ್ಲಿಗೂ ಒಂದೇ.

ಆದರೆ ಜಿಗ್‌ಬೀಯಲ್ಲೂ ಒಂದು ಗೊಡವೆ ಇದೆ. ಕೆಲವು ಹಬ್‌ಗಳು ತಮ್ಮ ಮನೆತನದ ಸೆನ್ಸರ್ ಬಿಟ್ಟು ಬೇರೆಯವನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ, ಅಥವಾ ಬಿಟ್ಟುಕೊಂಡು ಬ್ಯಾಟರಿಯ ಲೆಕ್ಕ ಹೇಳುವುದಿಲ್ಲ. ತಿಂಗಳಿಗೊಂದು ಹೊಸ ಬ್ರ್ಯಾಂಡ್ ಕೊಳ್ಳುವ ಚಟ ಇದ್ದವರು ಯುಎಸ್‌ಬಿ ಕೋಆರ್ಡಿನೇಟರ್ (ಕಂಪ್ಯೂಟರಿಗೆ ಚುಚ್ಚುವ ಜಿಗ್‌ಬೀ ರೇಡಿಯೊ) ಕೊಂಡು ಹೋಮ್ ಅಸಿಸ್ಟೆಂಟ್ ಎಂಬ ಸಾಫ್ಟ್‌ವೇರ್ ಹಾಕಿಸುವುದು ಲೇಸು. ಆ ಕೋಆರ್ಡಿನೇಟರನ್ನು ಕಂಪ್ಯೂಟರಿನ ಯುಎಸ್‌ಬಿ 3 ಕಿಂಡಿಗೆ ನೇರ ಚುಚ್ಚಬೇಡಿ. ಆ ಕಿಂಡಿಯ ಗದ್ದಲ 2.4 ಗಿಗಾಹರ್ಟ್ಸಿನಲ್ಲೇ ಬೀಳುತ್ತದೆ. ಒಂದು ಮೀಟರ್ ಎಕ್ಸ್‌ಟೆನ್ಶನ್ ಕೇಬಲ್ ಹಾಕಿದರೆ ಅರ್ಧ ತಕರಾರು ಹೋಗುತ್ತದೆ. ವೈಫೈ ಚಾನೆಲ್ 1ರಲ್ಲಿದ್ದರೆ ಜಿಗ್‌ಬೀಯನ್ನು 20ಕ್ಕೋ 25ಕ್ಕೋ ಸರಿಸಿ. ವೈಫೈ 11ರಲ್ಲಿದ್ದರೆ ಜಿಗ್‌ಬೀ 11 ಅಥವಾ 15 ಇರಲಿ. ಎರಡರ ಲೆಕ್ಕ ಬೇರೆ ಬೇರೆ, ಅಂಕಿ ಒಂದೇ ಇದ್ದ ಮಾತ್ರಕ್ಕೆ ಡಿಕ್ಕಿ ಹೊಡೆಯುವುದಿಲ್ಲ.

ಮಾಸ್ತರರ ಟ್ಯಾಂಕಿನ ಸೆನ್ಸರಿಗೆ ಅದನ್ನು ಮಾಡಿದವರ ರಿಸೀವರ್ ಬಿಡಿಯಾಗಿ ಸಿಗಲಿಲ್ಲ. ಸಿಕ್ಕಿದ್ದರೆ ಕಣ್ಣು ಮುಚ್ಚಿ ಅದನ್ನೇ ಕೊಡಿಸುತ್ತಿದ್ದೆ, ಗಿರಾಕಿಯ ಮನೆಯಲ್ಲಿ ನನ್ನ ಪ್ರಯೋಗ ಬೇಡ. ಕೊನೆಗೆ ಎಫ್‌ಎಸ್‌ಕೆ, ಓಓಕೆ ಎರಡನ್ನೂ ಓದಬಲ್ಲ ಸಿಸಿ1101 ಚಿಪ್ಪಿನ ಬೋರ್ಡ್ ತರಿಸಿ ವೈಫೈ ಇರುವ ಪುಟ್ಟ ಕಂಪ್ಯೂಟರ್ ಚಿಪ್ಪಾದ ಇಎಸ್‌ಪಿ32ಗೆ ಕೂಡಿಸಿದೆ. ಡಾಂಗಲ್ಲಿನಲ್ಲಿ ಕಂಡ, ಸೆನ್ಸರ್ ಬಿಟ್ ಕಳಿಸುವ ವೇಗವನ್ನೇ ಅದಕ್ಕೂ ಹೇಳಿದೆ. ಜಿನೆಯ ತಲೆಯಲ್ಲಿ ಅದನ್ನು ಕೂಡಿಸಿ, ಅದನ್ನೂ ವೈಫೈ ರೂಟರನ್ನೂ ಇನ್ವರ್ಟರಿನ ಲೈನಿಗೆ ಹಾಕಿದ್ದೇನೆ. ಈ ಸೆನ್ಸರ್ ಒಂದೇ ದಿಕ್ಕಿಗೆ ಹೇಳಿ ಸುಮ್ಮನಾಗುವಂಥದ್ದು. ಕೇಳಿಸಿತೇ ಎಂದು ತಿರುಗಿ ವಿಚಾರಿಸುವುದಿಲ್ಲ. ಇನ್ವರ್ಟರ್ ಇಲ್ಲದಿದ್ದರೆ ಕರೆಂಟ್ ಹೋದ ಹೊತ್ತಿನಲ್ಲಿ ಅದು ಕೂಗಿದ್ದು ಗಾಳಿಗೆ.

ಅಮೆರಿಕದ ಸೆನ್ಸರಿನಲ್ಲಿ ಕೆಲಸಕ್ಕೆ ಬಂದಿದ್ದು ಅದರ ಜೊತೆಗಿದ್ದ ಮ್ಯಾಗ್ನೆಟ್ ಒಂದೇ. ಈಗ ಮಾಸ್ತರರ ಫ್ರಿಜ್ಜಿನ ಬಾಗಿಲ ಮೇಲೆ ಹೆಸ್ಕಾಂ ಬಿಲ್ಲು ಹಿಡಿದುಕೊಂಡಿದೆ.