ಮ್ಯೂಲರ್ ಕೊಟ್ಟಿದ್ದು ಕ್ಲೀನ್ ಚಿಟ್ ಅಲ್ವಾ?

ಪ್ರಶ್ನೆ: 2016ರ ಅಮೆರಿಕ ಚುನಾವಣೆಯಲ್ಲಿ ರಷ್ಯಾ ಕೈವಾಡದ ಬಗ್ಗೆ ತನಿಖೆ ಮುಗಿದು ಟ್ರಂಪ್‌ಗೆ ಕ್ಲೀನ್ ಚಿಟ್ ಸಿಕ್ಕಾಯಿತಲ್ಲ. ಉತ್ತರ ಸಿಗದ ಪ್ರಶ್ನೆ ಇನ್ನೇನು ಉಳಿದಿದೆ?

ಇದೇ ಪ್ರಶ್ನೆ ಎಷ್ಟನೇ ಸಲವೋ, ಲೆಕ್ಕ ಬಿಟ್ಟಿದ್ದೇನೆ. ಉಳಿದದ್ದಕ್ಕೆ ಆಮೇಲೆ ಬರೋಣ, ಮೊದಲು ಆ ಕ್ಲೀನ್ ಚಿಟ್ ಕಥೆ ಮುಗಿಸೋಣ.

ಈ ತನಿಖೆ ನಡೆಸಿದ ವಿಶೇಷ ತನಿಖಾಧಿಕಾರಿ ರಾಬರ್ಟ್ ಮ್ಯೂಲರ್ 448 ಪುಟದ ವರದಿ ಸಲ್ಲಿಸಿದ್ದು 2019ರ ಮಾರ್ಚ್ 22ಕ್ಕೆ. ಎರಡೇ ದಿನದಲ್ಲಿ ಅಟಾರ್ನಿ ಜನರಲ್, ಅಂದರೆ ಅಲ್ಲಿನ ನ್ಯಾಯ ಇಲಾಖೆಯ ಮುಖ್ಯಸ್ಥ, ವಿಲಿಯಂ ಬಾರ್ ಅದರ ಸಾರ ಅಂತ ನಾಲ್ಕು ಪುಟದ ಪತ್ರ ಬರೆದರು. ಜನ ಓದಿದ್ದು ಆ ಪತ್ರ. ವರದಿ ಹೊರಬಂದಿದ್ದು ಏಪ್ರಿಲ್ 18ಕ್ಕೆ, ಅದೂ ಅಲ್ಲಲ್ಲಿ ಕಪ್ಪು ಬಳಿಸಿಕೊಂಡು. ಅಷ್ಟರಲ್ಲಿ ಕ್ಲೀನ್ ಚಿಟ್ ಸುದ್ದಿ ಊರೆಲ್ಲ ಸುತ್ತಿ ಬಂದಿತ್ತು.

ವರದಿಯ ಒಂದೇ ಒಂದು ವಾಕ್ಯ ನೋಡಿ. ಟ್ರಂಪ್ ಪ್ರಚಾರ ತಂಡ ರಷ್ಯಾ ಸರ್ಕಾರದ ಜೊತೆ ಸಂಚು ನಡೆಸಿದ್ದು ಸಾಬೀತಾಗಲಿಲ್ಲ ಅನ್ನುವ ಮಾತನ್ನು ಬಾರ್ ಎತ್ತಿ ಹಾಕಿದರು. ಅದು ವಾಕ್ಯದ ಬಾಲ. ತಲೆ ಎಲ್ಲಿ? ಟ್ರಂಪ್ ಗೆದ್ದರೆ ತನಗೆ ಲಾಭ ಅಂತ ರಷ್ಯಾ ಲೆಕ್ಕ ಹಾಕಿತ್ತು, ಅದಕ್ಕಾಗಿ ಕೆಲಸವನ್ನೂ ಮಾಡಿತು. ರಷ್ಯಾ ಹ್ಯಾಕ್ ಮಾಡಿ ಕದ್ದ ಮಾಹಿತಿ ಹೊರಬಿದ್ದರೆ ಚುನಾವಣೆಯಲ್ಲಿ ಅನುಕೂಲ ಅಂತ ಪ್ರಚಾರ ತಂಡವೂ ಕಾದಿತ್ತು. ಇಷ್ಟೂ ಅದೇ ವಾಕ್ಯದ ಮೊದಲರ್ಧದಲ್ಲಿದೆ!

ನಮ್ಮ ಭಾಷೆಯಲ್ಲೇ ಹೇಳ್ತೀನಿ. ಸಂಚಿನ ವಿಷಯದಲ್ಲಿ ಬಂದದ್ದನ್ನು ಬೇಕಾದರೆ ಸಾಕ್ಷ್ಯ ಸಾಲದೆ ಹಾಕಿದ ಬಿ ರಿಪೋರ್ಟ್ ಅನ್ನಿ. ಟ್ರಂಪ್ ತನಿಖೆಗೆ ಅಡ್ಡಿಪಡಿಸಿದರು ಅನ್ನುವ ಆರೋಪದ ಕುರಿತ, ವರದಿಯ ಎರಡನೇ ಸಂಪುಟ ಅದೂ ಅಲ್ಲ. ಹುದ್ದೆಯಲ್ಲಿರುವ ಅಧ್ಯಕ್ಷರ ಮೇಲೆ ಕೇಸ್ ಹಾಕುವಂತಿಲ್ಲ ಅನ್ನೋದು ಅಲ್ಲಿನ ನ್ಯಾಯ ಇಲಾಖೆಯ ನಿಲುವು. ಹಾಗಾಗಿ ಮ್ಯೂಲರ್ ಚಾರ್ಜ್‌ಶೀಟೂ ಹಾಕಲಿಲ್ಲ, ಬಿ ರಿಪೋರ್ಟೂ ಹಾಕಲಿಲ್ಲ. ಅಪರಾಧ ಮಾಡಿದ್ದಾರೆ ಅನ್ನುತ್ತಿಲ್ಲ, ದೋಷಮುಕ್ತರೂ ಅನ್ನುತ್ತಿಲ್ಲ ಅಂತ ಬರೆದಿಟ್ಟರು. ಇದು ಕ್ಲೀನ್ ಚಿಟ್ ಆದರೆ ಎಸ್ಸೆಸ್ಸೆಲ್ಸಿ ಫಲಿತಾಂಶ ತಡೆಹಿಡಿದ ಹುಡುಗನೂ ಪಾಸು. (ಟ್ರಂಪ್ ರಷ್ಯಾದ ಏಜೆಂಟ್ ಅಂತ ಸಾಬೀತಾಯಿತು ಅನ್ನುವವರೂ ವರದಿ ಓದಿಲ್ಲ, ಬಿಡಿ.)

ಈಗ ಉಳಿದದ್ದು. 2016ರ ಆಗಸ್ಟ್ 2ರಂದು ಪ್ರಚಾರ ತಂಡದ ಮುಖ್ಯಸ್ಥ ಪಾಲ್ ಮ್ಯಾನಫೋರ್ಟ್ ನ್ಯೂಯಾರ್ಕಿನಲ್ಲಿ ತಮ್ಮ ಹಳೇ ಸಹೋದ್ಯೋಗಿ ಕಾನ್‌ಸ್ಟಂಟಿನ್ ಕಿಲಿಮ್ನಿಕ್ ಅವರನ್ನು ಭೇಟಿಯಾದರು. ಜಿದ್ದಾಜಿದ್ದಿಯ ರಾಜ್ಯಗಳಾದ ಮಿಷಿಗನ್, ವಿಸ್ಕಾನ್ಸಿನ್, ಪೆನ್ಸಿಲ್ವೇನಿಯಾದ ಮಾತು ಬಂತು. ಹೊರಡುವಾಗ ಬೇರೆ ಬೇರೆಯಾಗಿ ಹೊರಟರು. ತಂಡದ ಒಳಗಿನ ಸಮೀಕ್ಷೆಯ ಅಂಕಿಅಂಶವೂ ಕಿಲಿಮ್ನಿಕ್ ಕೈ ಸೇರಿತ್ತು. ಯಾಕೆ ಕೊಟ್ಟರು, ಅವರು ಅದನ್ನು ಏನು ಮಾಡಿದರು? ಮ್ಯೂಲರ್‌ಗೆ ಗೊತ್ತಾಗಲಿಲ್ಲ. ಕಿಲಿಮ್ನಿಕ್ ರಷ್ಯಾ ಗುಪ್ತಚರ ಅಧಿಕಾರಿ ಅಂತ 2020ರಲ್ಲಿ ಸೆನೆಟ್ ಸಮಿತಿ ಹೇಳಿತು. ಅಂಕಿಅಂಶ ರಷ್ಯಾ ಗುಪ್ತಚರರಿಗೆ ತಲುಪಿತು ಅಂತ 2021ರಲ್ಲಿ ಅಮೆರಿಕದ ಖಜಾನೆ ಇಲಾಖೆ ಹೇಳಿತು. ಸಾಕ್ಷ್ಯ ಮಾತ್ರ ಮುಂದಿಡಲಿಲ್ಲ. ತಲುಪಿದ ಮೇಲೆ ಏನಾಯಿತು ಅನ್ನೋದು ಹಾಗೇ ಉಳಿಯಿತು.

ಯಾರೂ ಕೇಳದ ಪ್ರಶ್ನೆ ಒಂದಿದೆ, ನಾನೇ ಕೇಳಿಕೊಳ್ಳುತ್ತೇನೆ. ಆರೋಪಪಟ್ಟಿಯಲ್ಲಿದ್ದ ರಷ್ಯನ್ನರಿಗೆ ಏನಾಯಿತು? ಸೋಷಿಯಲ್ ಮೀಡಿಯಾದ ನಕಲಿ ಖಾತೆಗಳ ಕಾರ್ಖಾನೆಯ ಕೇಸಿನಲ್ಲಿ 13 ಮಂದಿ, ಹ್ಯಾಕಿಂಗ್ ಕೇಸಿನಲ್ಲಿ 12 ಮಂದಿ. ಒಬ್ಬರೂ ಅಮೆರಿಕದ ಕಟಕಟೆ ಹತ್ತಲಿಲ್ಲ. ಆ ಕಾರ್ಖಾನೆಗೆ ಹಣ ಹಾಕಿದ ಆರೋಪ ಹೊತ್ತ ರಷ್ಯಾದ ಉದ್ಯಮಿ ಯೆವ್ಗೆನಿ ಪ್ರಿಗೋಷಿನ್ ಅವರ ಕಾನ್‌ಕಾರ್ಡ್ ಕಂಪನಿ ಮಾತ್ರ ಅಮೆರಿಕದಲ್ಲೇ ವಕೀಲರನ್ನಿಟ್ಟು, ಸಾಕ್ಷ್ಯ ತೋರಿಸಿ ಅಂತ ಕೂತಿತು. ತೋರಿಸಿದರೆ ಗುಟ್ಟು ರಟ್ಟಾಗುತ್ತದೆ ಅಂತ 2020ರ ಮಾರ್ಚ್‌ನಲ್ಲಿ ಸರ್ಕಾರವೇ ಕಂಪನಿಯ ಮೇಲಿನ ಕೇಸ್ ಕೈಬಿಟ್ಟಿತು. 2022ರ ನವೆಂಬರ್‌ನಲ್ಲಿ ಪ್ರಿಗೋಷಿನ್ ತಾವಾಗಿಯೇ ಒಪ್ಪಿಕೊಂಡರು: ಹೌದು, ಕೈ ಹಾಕಿದ್ದೆವು, ಈಗಲೂ ಹಾಕುತ್ತಿದ್ದೇವೆ, ಮುಂದೆಯೂ ಹಾಕುತ್ತೇವೆ ಅಂತ. ಮರುವರ್ಷ ಆಗಸ್ಟ್‌ನಲ್ಲಿ ವಿಮಾನ ಬಿದ್ದು ತೀರಿಕೊಂಡರು.