ದಾಟಿದವರ ಲೆಕ್ಕ, ದಾಟದವರ ಲೆಕ್ಕ: ರಸ್ತೆ ಯೋಜನೆಯಲ್ಲಿ ಜನರ ಪಾಲು

ಪ್ರಾದೇಶಿಕ ಸಾರಿಗೆ ಯೋಜನೆ, ಅದರಲ್ಲಿ ಸಾರ್ವಜನಿಕರ ಪಾಲ್ಗೊಳ್ಳುವಿಕೆ, ರಸ್ತೆ ಸುರಕ್ಷತೆ. ಈ ಘಟಕ ನನ್ನನ್ನು ನಾಲ್ಕು ದಿನ ಕಾಡಿತು. ಧಾರವಾಡದ ಸಪ್ತಾಪುರದಲ್ಲಿ ನನ್ನಂತೆಯೇ ಪರೀಕ್ಷೆಗೆ ಓದುತ್ತಿರುವವರಿಗೆ ಉಪಯೋಗವಾಗಲಿ, ನನ್ನ ತಲೆಯಲ್ಲೂ ಗಟ್ಟಿಯಾಗಿ ಕೂರಲಿ ಎಂದು ಮರೆಯುವ ಮೊದಲೇ ಬರೆದಿಡುತ್ತಿದ್ದೇನೆ. ನಗರಾಡಳಿತದ ಬಗೆಗಿನ ಸಂವಿಧಾನದ 74ನೇ ತಿದ್ದುಪಡಿಯ ಹಿನ್ನೆಲೆ, ಪಾಲಿಕೆಯ ರಚನೆ, ಗ್ರಾಮಸಭೆ ಇವೆಲ್ಲ ಎಲ್ಲರೂ ಓದಿರುವಂಥವು, ಅವನ್ನು ಬಿಟ್ಟಿದ್ದೇನೆ.

ಮಹಾನಗರ ಎಂಬ ಪದದ ತೊಡಕು

ಹುಬ್ಬಳ್ಳಿ-ಧಾರವಾಡಕ್ಕೆ ಮಹಾನಗರ ಯೋಜನಾ ಸಮಿತಿಯೋ, ಜಿಲ್ಲಾ ಯೋಜನಾ ಸಮಿತಿಯೋ? ನಮ್ಮದು ಮಹಾನಗರ ಪಾಲಿಕೆ, ಆದ್ದರಿಂದ ಮಹಾನಗರ ಯೋಜನಾ ಸಮಿತಿ ಎಂದು ನಮ್ಮ ಓದುವ ಕೊಠಡಿಯಲ್ಲಿ ಮೂವರು ಉತ್ತರ ಬರೆದಿದ್ದೆವು. ಮೂವರದೂ ತಪ್ಪು. ಪಾಲಿಕೆಯ ಹೆಸರಿನಲ್ಲಿ ಮಹಾನಗರ ಎಂದಿದ್ದರೆ ಸಂವಿಧಾನದ ಅರ್ಥದಲ್ಲಿ ಅದು ಮಹಾನಗರ ಪ್ರದೇಶ ಆಗುವುದಿಲ್ಲ. ಮಹಾನಗರ ಪ್ರದೇಶಕ್ಕೆ 10 ಲಕ್ಷ ಅಥವಾ ಅದಕ್ಕೂ ಹೆಚ್ಚು ಜನಸಂಖ್ಯೆ ಇರಬೇಕು. ಜನಸಂಖ್ಯೆ ಎಂದರೆ ಅಂಕಿಅಂಶ ಪ್ರಕಟವಾಗಿರುವ ಕೊನೆಯ ಜನಗಣತಿಯದು ಎಂದು ಸಂವಿಧಾನವೇ ಹೇಳುತ್ತದೆ. 2011ರ ಜನಗಣತಿಯಲ್ಲಿ ಅವಳಿ ನಗರದ ಜನಸಂಖ್ಯೆ 9,43,788. ಹಾಗಾಗಿ ಹಳ್ಳಿ ಮತ್ತು ನಗರಗಳ ಯೋಜನೆಗಳನ್ನು ಕೂಡಿಸುವ ಕೆಲಸ ಇಲ್ಲಿ ಜಿಲ್ಲಾ ಯೋಜನಾ ಸಮಿತಿಯದು, ಅನುಚ್ಛೇದ 243ಝೆಡ್‌ಡಿ. ಆ ಸಮಿತಿಯ ಸದಸ್ಯರಲ್ಲಿ ಐದರಲ್ಲಿ ನಾಲ್ಕು ಪಾಲಿಗೆ ಕಡಿಮೆಯಿಲ್ಲದಷ್ಟು ಮಂದಿ ಚುನಾಯಿತ ಪ್ರತಿನಿಧಿಗಳ ನಡುವಿನಿಂದಲೇ ಆರಿಸಿ ಬಂದವರಾಗಿರಬೇಕು.

ವಾರ್ಡ್ ಸಮಿತಿಗೆ ಬೇಕಾದ ಜನಸಂಖ್ಯೆ 3 ಲಕ್ಷ. ಅದನ್ನು ನಮ್ಮ ಅವಳಿ ನಗರ ಎಂದೋ ದಾಟಿದೆ. 10 ಮತ್ತು 3 ಎರಡನ್ನೂ ಅದಲುಬದಲು ಮಾಡಬೇಡಿ.

21, 30, 60

ಜನ ತಡವಾಗಿ ಎಚ್ಚೆತ್ತುಕೊಳ್ಳುತ್ತಾರೆ ಎಂಬ ಮಾತನ್ನು ಎಲ್ಲರೂ ಆಡುತ್ತಾರೆ. ಕಾನೂನು ಕೊಡುವ ದಿನಗಳನ್ನು ಎಣಿಸಿ ನೋಡಿದ ಮೇಲೆ ತಪ್ಪು ಜನರದೊಂದೇ ಅಲ್ಲ ಎನಿಸಿತು.

ರಾಷ್ಟ್ರೀಯ ಹೆದ್ದಾರಿಗೆ ಜಮೀನು ಬೇಕಾದಾಗ 1956ರ ಕಾಯ್ದೆಯ 3ಎ ಕಲಮಿನಡಿ ಅಧಿಸೂಚನೆ ಹೊರಡುತ್ತದೆ. ಅದು ರಾಜ್ಯಪತ್ರದಲ್ಲಿ ಪ್ರಕಟವಾದ ದಿನದಿಂದ 21 ದಿನಗಳೊಳಗೆ ಆಕ್ಷೇಪಣೆ ಸಲ್ಲಿಸಬೇಕು. ಸಲ್ಲಿಸಬಹುದಾದವರು ಆ ಜಮೀನಿನಲ್ಲಿ ಹಿತಾಸಕ್ತಿ ಇರುವವರು ಮಾತ್ರ. ಅದೇ ರಸ್ತೆಯನ್ನು ದಿನವೂ ಅಡ್ಡ ದಾಟುವ ಕೂಲಿಯಾಳಿಗೆ, ಶಾಲೆಯ ಮಗುವಿಗೆ ಈ ಬಾಗಿಲು ಇಲ್ಲ. ಪುಸ್ತಕದಲ್ಲಿ ಈ ಸಾಲಿನ ಕೆಳಗೆ ನಾನು ಎರಡು ಗೆರೆ ಎಳೆದಿದ್ದೇನೆ.

ಪರಿಸರ ಪರಿಣಾಮ ಅಧಿಸೂಚನೆ, 2006ರಡಿ ನಡೆಯುವ ಸಾರ್ವಜನಿಕ ಅಹವಾಲು ಸಭೆಗೆ ಕನಿಷ್ಠ 30 ದಿನ ಮುಂಚೆ ಪ್ರಕಟಣೆ ಹೊರಡಬೇಕು. ಇಲ್ಲಿ ಯಾರು ಬೇಕಾದರೂ ಮಾತನಾಡಬಹುದು. ಆದರೆ ಹೊಸದಾಗಿ ಜಮೀನು ಪಡೆಯದೆ ಹೆದ್ದಾರಿ ವಿಸ್ತರಿಸುವುದಾದರೆ ಈ ಸಮಾಲೋಚನೆಯೇ ಬೇಕಾಗಿಲ್ಲ.

1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ಮಹಾಯೋಜನೆಯ (ಮಾಸ್ಟರ್ ಪ್ಲಾನ್) ಕರಡಿಗೆ ಸಾರ್ವಜನಿಕರು ಅಭಿಪ್ರಾಯ ಹೇಳಲು 60 ದಿನ. ಮಹಾಯೋಜನೆಯನ್ನು ಹತ್ತು ವರ್ಷಕ್ಕೊಮ್ಮೆಯಾದರೂ ಪರಿಷ್ಕರಿಸಬೇಕು. ಇದೇ ಎಲ್ಲಕ್ಕಿಂತ ಅಗಲವಾದ ಬಾಗಿಲು: ಜಮೀನಿದ್ದವರು, ಇಲ್ಲದವರು, ಬಾಡಿಗೆ ಮನೆಯವರು ಎಲ್ಲರೂ ಬರಬಹುದು. ಯಾವ ರಸ್ತೆ ಎಷ್ಟು ಅಗಲ, ಎಲ್ಲಿ ಹೊರವರ್ತುಲ ರಸ್ತೆ ಎಂಬುದೆಲ್ಲ ಆ ನಕ್ಷೆಯಲ್ಲೇ ತೀರ್ಮಾನವಾಗುತ್ತದೆ. ಟೆಂಡರ್ ಆಗಿ ಜೆಸಿಬಿ ಬಂದ ಮೇಲೆ ಕೊಡುವ ಮನವಿಗೂ ಈ 60 ದಿನಗಳಲ್ಲಿ ಕೊಡುವ ಒಂದು ಪುಟಕ್ಕೂ ಇರುವ ಅಂತರವನ್ನು ಪರೀಕ್ಷೆಯಲ್ಲಿ ಕೇಳಿದರೆ ಎಷ್ಟು ಬೇಕಾದರೂ ಬರೆಯಬಲ್ಲೆ.

ಅಮೆರಿಕದ ಶೆರ್ರಿ ಆರ್ನ್‌ಸ್ಟೈನ್ 1969ರಲ್ಲಿ ವಿವರಿಸಿದ, ಜನರ ಪಾಲ್ಗೊಳ್ಳುವಿಕೆಯ ಎಂಟು ಮೆಟ್ಟಿಲ ಏಣಿ ಪಠ್ಯಕ್ರಮದಲ್ಲಿದೆ. ಕೆಳಗಿನ ಎರಡು ಪಾಲ್ಗೊಳ್ಳುವಿಕೆಯೇ ಅಲ್ಲ. ನಡುವಿನ ಮೂರು ತೋರಿಕೆಯವು. ಮೇಲಿನ ಮೂರರಲ್ಲಿ ಮಾತ್ರ ಜನರ ಕೈಗೆ ಅಧಿಕಾರ ಬರುತ್ತದೆ. ಅಭಿಪ್ರಾಯ ಕೇಳುವುದು ನಡುವಿನ ಮೂರರಲ್ಲಿ ಒಂದು. ಮೇಲೆ ಹೇಳಿದ ಮೂರೂ ಅವಧಿಗಳು ಅಲ್ಲಿಯೇ ನಿಲ್ಲುತ್ತವೆ.

ಬ್ಲ್ಯಾಕ್ ಸ್ಪಾಟ್: 5 ಯಾವುದು, 10 ಯಾವುದು

2021ರ ಜನವರಿ 15ರ ಬೆಳಗ್ಗೆ ಹುಬ್ಬಳ್ಳಿ-ಧಾರವಾಡ ಬೈಪಾಸ್‌ನಲ್ಲಿ ಇಟಿಗಟ್ಟಿಯ ಬಳಿ ಟಿಪ್ಪರ್‌ಗೆ ಟೆಂಪೊ ಟ್ರಾವೆಲರ್ ಡಿಕ್ಕಿಯಾಗಿ ಹತ್ತಕ್ಕೂ ಹೆಚ್ಚು ಮಂದಿ ಸತ್ತರು. ಹೆಚ್ಚಿನವರು ದಾವಣಗೆರೆಯಿಂದ ಗೋವಾಕ್ಕೆ ಹೊರಟಿದ್ದ ಗೆಳತಿಯರು. ಎರಡೂ ಕಡೆ ಅಗಲ ಹೆದ್ದಾರಿ, ನಡುವೆ ವಿಭಜಕವಿಲ್ಲದ ಸುಮಾರು 30 ಕಿಲೋಮೀಟರಿನ ದ್ವಿಪಥ. ಆ ತುಣುಕಿನ ಬಗ್ಗೆ ಈ ಭಾಗದ ಜನ ಎಷ್ಟೋ ವರ್ಷಗಳಿಂದ ಕೂಗುತ್ತಿದ್ದರು. ಸತ್ತವರ ಮನೆಯವರು, ಗೆಳತಿಯರು ರಸ್ತೆಗಿಳಿದು ಪ್ರತಿಭಟಿಸಿದ ಮೇಲೆ ಅದು ಇಡೀ ರಾಜ್ಯದ ಮಾತಾಯಿತು. ಈಗ ಅದು ಷಟ್ಪಥವಾಗುವ ಹಾದಿಯಲ್ಲಿದೆ. ಕಾನೂನು ತೆರೆದ ಯಾವ ಬಾಗಿಲಿನಿಂದಲೂ ಒಳಬರದ ಪಾಲ್ಗೊಳ್ಳುವಿಕೆ ಇದು. ಇದನ್ನು ಉದಾಹರಣೆಯಾಗಿ ಬರೆಯುವಾಗ ಅವರ ದುಃಖವನ್ನು ಒಂದು ಅಂಕದ ವಸ್ತುವಾಗಿ ಬಳಸುತ್ತಿದ್ದೇನೆಯೇ ಎಂದು ನನ್ನ ಕೈ ತಡೆಯುತ್ತದೆ. ಆದರೂ ಬರೆಯಬೇಕು, ಏಕೆಂದರೆ ಆ ರಸ್ತೆ ಅಗಲವಾಗಲು ತೆತ್ತ ಬೆಲೆ ಅದು.

ಇನ್ನು ಬ್ಲ್ಯಾಕ್ ಸ್ಪಾಟ್‌ನ, ಅಂದರೆ ಮತ್ತೆ ಮತ್ತೆ ಅಪಘಾತವಾಗುವ ಜಾಗದ ವ್ಯಾಖ್ಯೆ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ಪ್ರಕಾರ ರಾಷ್ಟ್ರೀಯ ಹೆದ್ದಾರಿಯ ಸುಮಾರು 500 ಮೀಟರ್ ಉದ್ದದ ತುಣುಕಿನಲ್ಲಿ, ಹಿಂದಿನ ಮೂರು ಕ್ಯಾಲೆಂಡರ್ ವರ್ಷಗಳನ್ನು ಒಟ್ಟು ಸೇರಿಸಿ, ಸಾವು ಅಥವಾ ತೀವ್ರ ಗಾಯವಾದ 5 ಅಪಘಾತಗಳು ಆಗಿರಬೇಕು ಅಥವಾ 10 ಸಾವುಗಳು ಆಗಿರಬೇಕು. 5 ಅಪಘಾತಗಳ ಎಣಿಕೆ. 10 ಹೆಣಗಳ ಎಣಿಕೆ. ನಡುವೆ ಇರುವುದು "ಅಥವಾ". ತರಚು ಗಾಯದ ಅಪಘಾತ ಐವತ್ತಾದರೂ ಲೆಕ್ಕಕ್ಕಿಲ್ಲ. ಪೊಲೀಸ್ ಠಾಣೆಗೆ ಹೋಗದೆ ಊರಲ್ಲೇ ಪರಿಹಾರ ಮಾತಾಡಿ ಮುಗಿಸಿದ ಪ್ರಕರಣವೂ ಲೆಕ್ಕಕ್ಕಿಲ್ಲ. ಸುರಕ್ಷತೆ ಬೇಕೆನ್ನುವ ಊರು ಮೊದಲು ಕಲಿಯಬೇಕಾದದ್ದು ಎಫ್‌ಐಆರ್‌ನಲ್ಲಿ ಜಾಗವನ್ನು ಕಿಲೋಮೀಟರ್ ಕಲ್ಲಿನ ಸಮೇತ ಸರಿಯಾಗಿ ಬರೆಯಿಸುವುದನ್ನು. "ಊರ ಹತ್ತಿರ" ಎಂದು ಬರೆದರೆ ಐದು ಅಪಘಾತಗಳು ಐದು ಕಡೆ ಚದುರಿಹೋಗುತ್ತವೆ.

ನನ್ನನ್ನು ಕೆಡವಿದ ಸೂತ್ರ

ಹಾಗಾದರೆ ಯಾರೂ ಸಾಯುವ ಮೊದಲೇ ಒಂದು ಜಾಗದಲ್ಲಿ ದಾಟುವ ವ್ಯವಸ್ಥೆ ಬೇಕು ಎಂದು ಅಂಕಿಯಲ್ಲಿ ತೋರಿಸುವ ದಾರಿ ಇಲ್ಲವೇ? ಇದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಪಾದಚಾರಿ ಮಾರ್ಗಸೂಚಿಯಲ್ಲಿ, ಅಂದರೆ ಐಆರ್‌ಸಿ 103ರಲ್ಲಿ, ಒಂದು ಸರಳ ಅಳತೆಗೋಲು ಇದೆ. ವೃತ್ತಗಳ ನಡುವಿನ ರಸ್ತೆಯಲ್ಲಿ ಸಿಗ್ನಲ್‌ನಂಥ ನಿಯಂತ್ರಿತ ದಾಟುದಾರಿ ಬೇಕೇ ಎಂದು ನೋಡುವುದಕ್ಕೆ ಅದು. ಪಿ ಎಂದರೆ ದಟ್ಟಣೆಯ ಒಂದು ಗಂಟೆಯಲ್ಲಿ ದಾಟುವ ಜನ. ವಿ ಎಂದರೆ ಅದೇ ಗಂಟೆಯಲ್ಲಿ ಎರಡೂ ದಿಕ್ಕಿನಲ್ಲಿ ಹಾಯುವ ಒಟ್ಟು ವಾಹನಗಳು. ಪಿ × ವಿ × ವಿ ಗುಣಿಸಿ. ವಿಭಜಕವಿಲ್ಲದ ರಸ್ತೆಯಲ್ಲಿ ಅದು 10 ಕೋಟಿ ಮೀರಬೇಕು, ವಿಭಜಕವಿರುವ ರಸ್ತೆಯಲ್ಲಿ 20 ಕೋಟಿ.

ನಾನು ಎಡವಿದ್ದು ಇಲ್ಲಿ. ವರ್ಗ ವಿಗೆ ಮಾತ್ರ. ನಾನು ಪಿ ಮತ್ತು ವಿಯನ್ನು ಗುಣಿಸಿ, ಬಂದದ್ದನ್ನು ವರ್ಗ ಮಾಡುತ್ತಿದ್ದೆ. 200 ಜನ, 1,000 ವಾಹನ ಎಂದುಕೊಳ್ಳಿ. ಈ ಅಂಕಿಗಳು ಲೆಕ್ಕಕ್ಕೆಂದು ಹಿಡಿದವು, ಯಾವ ಜಾಗದ್ದೂ ಅಲ್ಲ. ನನ್ನ ತಪ್ಪು ದಾರಿಯಲ್ಲಿ 2 ಲಕ್ಷದ ವರ್ಗ, ಅಂದರೆ 4,000 ಕೋಟಿ ಬರುತ್ತದೆ. ಸರಿ ದಾರಿಯಲ್ಲಿ 1,000ದ ವರ್ಗ 10 ಲಕ್ಷ, ಅದನ್ನು 200ರಿಂದ ಗುಣಿಸಿದರೆ 20 ಕೋಟಿ. ತಪ್ಪು ದಾರಿಯಲ್ಲಿ ಊರಿನ ಪ್ರತಿ ಓಣಿಗೂ ಸಿಗ್ನಲ್ ಬೇಕಾಗುತ್ತದೆ! ಎಂಜಿನಿಯರ್ ಎದುರು ಇಂಥ ಲೆಕ್ಕ ಇಟ್ಟರೆ ಮನವಿಯ ಉಳಿದ ಪುಟಗಳನ್ನೂ ಅವರು ನಂಬುವುದಿಲ್ಲ.

ವಾಹನಕ್ಕೇ ಏಕೆ ವರ್ಗ ಎಂಬುದು ಹೊಳೆದ ಮೇಲೆ ನಾನು ಮತ್ತೆ ತಪ್ಪಲಿಲ್ಲ. ದಾಟುವವರು ಇಮ್ಮಡಿಯಾದರೆ ಅಪಾಯದ ಎದುರು ನಿಲ್ಲುವವರು ಇಮ್ಮಡಿಯಾದರು, ಅಷ್ಟೇ. ವಾಹನ ಇಮ್ಮಡಿಯಾದರೆ ಎರಡು ವಾಹನಗಳ ನಡುವಿನ ಬಿಡುವೇ ಕುಗ್ಗುತ್ತದೆ. ಪ್ರತಿಯೊಬ್ಬರೂ ಹೆಚ್ಚು ಹೊತ್ತು ಕಾಯುತ್ತಾರೆ, ಕಾದು ಬೇಸತ್ತು ಸಣ್ಣ ಬಿಡುವಿಗೂ ನುಗ್ಗುತ್ತಾರೆ. ಆದ್ದರಿಂದ ಜನ ಇಮ್ಮಡಿಯಾದರೆ ಉತ್ತರ ಇಮ್ಮಡಿ, ವಾಹನ ಇಮ್ಮಡಿಯಾದರೆ ಉತ್ತರ ನಾಲ್ಮಡಿ.

ಎರಡನೆಯ ಹೊಂಡ ಸಮಯದ್ದು. ಹದಿನೈದು ನಿಮಿಷ ಎಣಿಸಿ, ಬಂದ ಅಂಕಿಗಳನ್ನು ಹಾಗೆಯೇ ಸೂತ್ರಕ್ಕೆ ಹಾಕಿದರೆ ಉತ್ತರ ಕಾಲು ಪಾಲಾಗುತ್ತದೆ ಎಂದು ನಾನು ತಿಳಿದಿದ್ದೆ. ಅಲ್ಲ. ಪಿ ಕಾಲು ಭಾಗ, ವಿಯ ವರ್ಗ ಹದಿನಾರನೆಯ ಒಂದು ಭಾಗ. ಒಟ್ಟು ಅರವತ್ನಾಲ್ಕನೆಯ ಒಂದು ಭಾಗ. ಮಾನದಂಡ ದಾಟುವ ಜಾಗವೂ ಹೀಗೆ ಲೆಕ್ಕದಲ್ಲೇ ಮುಳುಗಿಹೋಗುತ್ತದೆ. ಪೂರ್ತಿ ಒಂದು ಗಂಟೆ ಎಣಿಸಿ. ಶಾಲೆ ಬಿಡುವ, ಸಂತೆ ಕೂಡುವ, ಬಸ್ಸುಗಳು ತುಂಬುವ ಹೊತ್ತಿಗೆ ಎಣಿಸಿ.

ನನ್ನ ಮೆಚ್ಚಿನ ಸುಲಭ ದಾರಿ ಇದು. ಸೊನ್ನೆಗಳ ರಾಶಿ ಬೇಡ ಎಂದು ವಾಹನಗಳನ್ನು ಸಾವಿರದ ಲೆಕ್ಕದಲ್ಲಿ ಇಟ್ಟುಕೊಳ್ಳಿ: 1,500 ಎಂದರೆ 1.5, 800 ಎಂದರೆ 0.8. ಅದನ್ನು ವರ್ಗ ಮಾಡಿ ಜನರ ಸಂಖ್ಯೆಯಿಂದ ಗುಣಿಸಿ. ಆಗ 10 ಕೋಟಿಯ ಬದಲು 100, 20 ಕೋಟಿಯ ಬದಲು 200 ನೋಡಿದರೆ ಸಾಕು. 60 ಜನ, 1,500 ವಾಹನ: 2.25 × 60 = 135. ವಿಭಜಕವಿಲ್ಲದ ರಸ್ತೆಯಲ್ಲಿ ಮಾನದಂಡ ದಾಟಿತು, ವಿಭಜಕವಿದ್ದರೆ ಇಲ್ಲ. 150 ಜನ, 800 ವಾಹನ: 0.64 × 150 = 96. ಸ್ವಲ್ಪದರಲ್ಲೇ ತಪ್ಪಿತು. ಪರೀಕ್ಷಾ ಕೊಠಡಿಯಲ್ಲಿ ಬಾಯಿಲೆಕ್ಕದಲ್ಲೇ ಮುಗಿಯುತ್ತದೆ, ರಸ್ತೆಯ ಬದಿಯಲ್ಲೂ ಮುಗಿಯುತ್ತದೆ.

ನಮ್ಮ ಚಿಗರಿ ಬಸ್ಸಿನ ದಾರಿಗೆ ಇದನ್ನು ಹಚ್ಚಿ ನೋಡುವಾಗ ಒಂದು ಎಚ್ಚರ. ಹುಬ್ಬಳ್ಳಿ-ಧಾರವಾಡದ ನಡುವೆ ಬಸ್ಸಿಗೆಂದೇ ಮೀಸಲಾದ ಸುಮಾರು 22 ಕಿಲೋಮೀಟರಿನ ಆ ಬಿಆರ್‌ಟಿಎಸ್ ಮಾರ್ಗದಲ್ಲಿ ನಿಲ್ದಾಣಗಳು ರಸ್ತೆಯ ನಟ್ಟನಡುವೆ ಇವೆ. ಬಸ್ ಹತ್ತುವ, ಇಳಿಯುವ ಪ್ರತಿಯೊಬ್ಬರೂ ಅರ್ಧ ರಸ್ತೆ ದಾಟಲೇಬೇಕು. ಆಚೆ ಬದಿಗೆ ಹೋಗುವವರನ್ನು ಮಾತ್ರ ಎಣಿಸಿದರೆ ಆ ಪ್ರಯಾಣಿಕರೆಲ್ಲ ಬಿಟ್ಟುಹೋಗುತ್ತಾರೆ.

ದೊಡ್ಡವ್ವ ಹೇಳಿದ್ದು

ಇಷ್ಟು ಕಲಿತ ಖುಷಿಯಲ್ಲಿ ಹಾವೇರಿ ಜಿಲ್ಲೆಯ ನಮ್ಮ ಊರಿಗೆ ಹೋದಾಗ ದೊಡ್ಡವ್ವನಿಗೆ ವಿವರಿಸಿದೆ. ನಮ್ಮ ಊರು ಹೆದ್ದಾರಿಗೆ ಅಂಟಿಕೊಂಡಿದೆ; ಮನೆ ಈಚೆಗೆ, ಹೊಲ ಆಚೆಗೆ. ಮೊದಲು ಆಕೆ ದಿನವೂ ಬುತ್ತಿ ಹೊತ್ತು ದಾಟುತ್ತಿದ್ದಳು. "ದೊಡ್ಡವ್ವ, ನಿನ್ನಂಥವರು ಗಂಟೆಗೆ ಎಷ್ಟು ಜನ ದಾಟುತ್ತೀರಿ ಎಂದು ಎಣಿಸಿದರೆ ಸಾಕು" ಎಂದೆ. ಆಕೆ ಸೊಪ್ಪು ಸೋಸುತ್ತಲೇ ಹೇಳಿದಳು: "ನಾನು ಈಗ ಆ ರಸ್ತೆಯನ್ನು ದಾಟುವುದೇ ಇಲ್ಲ ತಂಗಿ. ಬುತ್ತಿಯನ್ನು ಗಾಡಿಯ ಮೇಲೆ ಹುಡುಗ ಸುತ್ತು ಹಾಕಿ ಒಯ್ಯುತ್ತಾನೆ. ಹೊಲ ನೋಡಿ ಎರಡು ವರ್ಷವಾಯಿತು."

ನನ್ನ ಸೂತ್ರದಲ್ಲಿ ಆಕೆ ಸೊನ್ನೆ. ಬ್ಲ್ಯಾಕ್ ಸ್ಪಾಟ್ ಪಟ್ಟಿಯಲ್ಲೂ ಸೊನ್ನೆ, ಏಕೆಂದರೆ ದಾಟದವರಿಗೆ ಅಪಘಾತವಾಗುವುದಿಲ್ಲ. ರಸ್ತೆ ಹೆಚ್ಚು ಭಯಂಕರವಾದಷ್ಟೂ ದಾಟುವವರು ಕಡಿಮೆಯಾಗುತ್ತಾರೆ, ಪಿ ಕುಗ್ಗುತ್ತದೆ, ಕಡತದಲ್ಲಿ ಆ ಜಾಗ ಶಾಂತವಾಗಿ ಕಾಣುತ್ತದೆ. ವಿಯ ವರ್ಗ ಸ್ವಲ್ಪ ಮಟ್ಟಿಗೆ ಈ ಅನ್ಯಾಯವನ್ನು ಸರಿದೂಗಿಸುತ್ತದೆ: 2,000 ವಾಹನ ಹಾಯುವ ವಿಭಜಿತ ರಸ್ತೆಯಲ್ಲಿ 51 ಜನ ದಾಟಿದರೂ ಮಾನದಂಡ ಮೀರುತ್ತದೆ. ಆದರೆ ವಿ ಎಷ್ಟೇ ದೊಡ್ಡದಾಗಿರಲಿ, ಸೊನ್ನೆಯಿಂದ ಗುಣಿಸಿದರೆ ಸೊನ್ನೆಯೇ. ಎಣಿಕೆಯ ಯಂತ್ರಕ್ಕೆ ಕಾಣದ ಇವರನ್ನು ಹೆಸರು ಹಿಡಿದು ಹೇಳಬಲ್ಲವರು ಊರಿನವರು ಮಾತ್ರ. ಸಾರ್ವಜನಿಕರ ಪಾಲ್ಗೊಳ್ಳುವಿಕೆ ಏಕೆ ಬೇಕು ಎಂಬ ಹತ್ತು ಅಂಕದ ಪ್ರಶ್ನೆಗೆ ನಾನು ಇನ್ನು ಮುಂದೆ ಬರೆಯುವ ಮೊದಲ ಕಾರಣ ಇದೇ.

ಎಲ್ಲಿ ಕೊಡಬೇಕು

ಎಣಿಕೆಯ ಸಮೇತ ಮನವಿಯನ್ನು ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ಕೊಡಬೇಕು. ಜಿಲ್ಲಾಧಿಕಾರಿ ಅದರ ಅಧ್ಯಕ್ಷರು. ಇಲ್ಲಿ 21, 60 ದಿನಗಳ ಗಡುವಿಲ್ಲ. ನಗರದ ಒಳರಸ್ತೆಯಾದರೆ ವಾರ್ಡ್ ಸಮಿತಿ, ಹಳ್ಳಿಯಾದರೆ ಗ್ರಾಮಸಭೆಯ ಠರಾವಿನ ಪ್ರತಿ ಜೊತೆಗಿರಲಿ. ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳದೆ ಕಚೇರಿಯಿಂದ ಹೊರಬರಬೇಡಿ. ಏನಾಯಿತೆಂದು ತಿಳಿಯಲು ಮಾಹಿತಿ ಹಕ್ಕು ಅರ್ಜಿ: ಶುಲ್ಕ 10 ರೂಪಾಯಿ, ನಮ್ಮ ರಾಜ್ಯದಲ್ಲಿ 150 ಪದಗಳ ಮಿತಿ, ಉತ್ತರಕ್ಕೆ 30 ದಿನ. ರಸ್ತೆಯ ವಿನ್ಯಾಸವೇ ಮಾನದಂಡದಂತಿಲ್ಲದೆ ಸಾವು ಅಥವಾ ಅಂಗವೈಕಲ್ಯವಾದರೆ ಗುತ್ತಿಗೆದಾರ, ಸಲಹೆಗಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ ಎಂಬ 198ಎ ಕಲಂ ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಸೇರಿದೆ; ಇದನ್ನೂ ನೆನಪಿಡಿ.

ಎಣಿಕೆಯ ಹಾಳೆಯಲ್ಲಿ ಎಲ್ಲರೂ ಎರಡು ಕಾಲಂ ಹಾಕುತ್ತಾರೆ, ಜನ ಮತ್ತು ವಾಹನ. ನಾನು ಮೂರನೆಯದೊಂದು ಹಾಕಿದ್ದೇನೆ: ಅಂಚಿಗೆ ಬಂದು ನಿಂತು, ದಾಟಲಾಗದೆ ಹಿಂದಿರುಗಿದವರು. ಅದರ ಕೆಳಗೆ, ಮನೆಯಿಂದಲೇ ಹೊರಡದವರನ್ನು ಕೇಳಿ ಬರೆಯಲು ನಾಲ್ಕು ಸಾಲು ಖಾಲಿ ಬಿಟ್ಟಿದ್ದೇನೆ. ಮೊದಲ ಸಾಲಿನಲ್ಲಿ ದೊಡ್ಡವ್ವನ ಮಾತನ್ನು ಬರೆದಾಗಿದೆ.